ಆಸೆ ಅಳಿದಾಗ: ಬಾರಾಮತಿ ಸೀಮೆಯ ಮೂರು ಬರಹಗಳು ಮತ್ತು ಕನ್ನಡದ ನಿರಾಶಾವಾಚಕ ಪದಗಳು

ಕನ್ನಡ ದಿನಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಆತ್ಮಹತ್ಯೆಯ ವರದಿ ಬಹುಮಟ್ಟಿಗೆ ಒಂದೇ ನುಡಿಗಟ್ಟನ್ನು ಹೊತ್ತು ಬರುತ್ತದೆ: ‘ಜೀವನದಲ್ಲಿ ಜಿಗುಪ್ಸೆಗೊಂಡು’. ಮರಾಠಿ ಪತ್ರಿಕೆಗಳಲ್ಲಿ ಅದೇ ಜಾಗದಲ್ಲಿ ‘ನೈರಾಶ್ಯಾತೂನ’, ಅಂದರೆ ‘ನೈರಾಶ್ಯದಿಂದ’, ಎಂಬ ಮಾತು ಕಾಣುತ್ತದೆ. ಎರಡೂ ಸಂಸ್ಕೃತ ಪದಗಳು. ಎರಡೂ ಬಹು ಹಳೆಯವು. ಆದರೆ ಮಧ್ಯಕಾಲೀನ ಸಾಹಿತ್ಯವನ್ನು ಓದಿದವರಿಗೆ ಈ ಎರಡನ್ನೂ ಸಾವಿನ ಸುದ್ದಿಯಲ್ಲಿ ಕಂಡಾಗ ವಿಚಿತ್ರವೆನಿಸದೆ ಇರದು. ಜುಗುಪ್ಸೆ ಎಂಬುದು ಭರತನ ನಾಟ್ಯಶಾಸ್ತ್ರದಲ್ಲಿ ಬೀಭತ್ಸರಸದ ಸ್ಥಾಯಿಭಾವ. ಪತಂಜಲಿಯ ಯೋಗಸೂತ್ರದ ಎರಡನೆಯ ಪಾದದಲ್ಲಿ ಶೌಚವನ್ನು ಸಾಧಿಸಿದವನಿಗೆ ತನ್ನ ದೇಹದ ವಿಷಯದಲ್ಲಿ ಹುಟ್ಟುವ ಹೇವರಿಕೆ. ಅಲ್ಲಿ ಅದು ಸಾಧಕನ ಗಳಿಕೆ. ನೈರಾಶ್ಯದ ಕಥೆಯೂ ಹೀಗೆಯೇ. ಭಾಗವತದ ಏಕಾದಶ ಸ್ಕಂಧದಲ್ಲಿ ಅದು ದುಃಖದ ಹೆಸರಲ್ಲ, ಪರಮಸುಖದ ಹೆಸರು.

ವಿರಕ್ತರ ಪದಕೋಶದಲ್ಲಿದ್ದ ಮಾತುಗಳು ಹತಾಶರ ಮರಣಪತ್ರಕ್ಕೆ ಇಳಿದದ್ದು ಹೇಗೆ? ಹೊರನಾಡಿನಲ್ಲಿ ಕುಳಿತು ನಿಘಂಟುಗಳ ನೆರವಿನಿಂದ ಕನ್ನಡದ ಹಳೆಯ ಗ್ರಂಥಗಳನ್ನು ಓದುವ ಸಂಶೋಧಕರಿಗೆ ಈ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ‘ನಿರಾಶೆ’ ಎಂಬಲ್ಲಿ ಇಂದಿನ ಅರ್ಥವನ್ನಿಟ್ಟು ಅನುವಾದಿಸಿದರೆ ಮುಕ್ತನಾದವನು ಮುರಿದುಬಿದ್ದವನಂತೆ ತೋರುತ್ತಾನೆ. ಇಂತಹ ಅನುವಾದಗಳು ನಮ್ಮ ಕಣ್ಣಿಗೆ ಆಗಾಗ ಬೀಳುತ್ತಲೇ ಇವೆ. ಪ್ರಸ್ತುತ ಲೇಖನದಲ್ಲಿ ಈ ಪದಗಳ ಚರಿತ್ರೆಯನ್ನು ಪುಣೆ ಜಿಲ್ಲೆಯ ಬಾರಾಮತಿ ಮತ್ತು ಅದರ ನೆರೆಯಲ್ಲಿ ಹುಟ್ಟಿದ ಮೂರು ಬರಹಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸಲು ಯತ್ನಿಸುತ್ತೇವೆ. ಮೂರೂ ಕನ್ನಡ ಬರಹಗಳಲ್ಲ. ಆದರೆ ಮೂರಕ್ಕೂ ಕನ್ನಡದ ನಂಟುಂಟು. ಒಂದು ಭಾಷೆಯ ಪದ ಎಲ್ಲಿ ತಿರುಗಿತೆಂಬುದು ಕೆಲವೊಮ್ಮೆ ನೆರೆಯ ಭಾಷೆಯ ಕಡೆಯಿಂದ ನೋಡಿದಾಗಲೇ ಸ್ಪಷ್ಟವಾಗುತ್ತದೆ.

ಮೊದಲು ಹಳೆಯ ಅರ್ಥವನ್ನು ಗುರುತಿಸಿಕೊಳ್ಳೋಣ. ಭಾಗವತದ ಪಿಂಗಲೆ ವಿದೇಹನಗರದ ವೇಶ್ಯೆ. ಹಣ ತರುವ ವಿಟನಿಗಾಗಿ ಬಾಗಿಲಲ್ಲಿ ಕಾದು, ಒಳಗೆ ಹೋಗಿ, ಮತ್ತೆ ಹೊರಗೆ ಬಂದು, ನಡುರಾತ್ರಿಯವರೆಗೂ ಎಚ್ಚರವಿದ್ದು, ಕೊನೆಗೆ ಯಾರೂ ಬರುವುದಿಲ್ಲವೆಂದು ಖಚಿತವಾದ ಮೇಲೆ ಆಸೆಯನ್ನು ಬಿಟ್ಟು ಸುಖವಾಗಿ ನಿದ್ದೆ ಮಾಡುತ್ತಾಳೆ. ಅವಧೂತನು ತನ್ನ ಇಪ್ಪತ್ತನಾಲ್ಕು ಗುರುಗಳಲ್ಲಿ ಅವಳನ್ನೂ ಒಬ್ಬಳನ್ನಾಗಿ ಎಣಿಸುತ್ತಾನೆ. ಸಾಂಖ್ಯಸೂತ್ರಗಳಲ್ಲಿಯೂ ಅವಳೇ ದೃಷ್ಟಾಂತ. ಏಕನಾಥರು 1573ರಲ್ಲಿ ಮುಗಿಸಿದ ಮರಾಠಿ ಭಾಗವತ ಈ ಏಕಾದಶ ಸ್ಕಂಧದ ಮೇಲೆಯೇ ನಿಂತಿದೆ. ಕನ್ನಡದಲ್ಲಿ ಚಾಟು ವಿಠಲನಾಥನ ಭಾಗವತವಿದೆ. ಪುರಾಣಶ್ರವಣ ರೂಢಿಯಲ್ಲಿದ್ದ ಊರುಗಳಲ್ಲಿ ಪಿಂಗಲೆಯ ಕಥೆ ಕೇಳದ ಕಿವಿ ಅಪರೂಪವೆಂದೇ ಹೇಳಬೇಕು.

ಕನ್ನಡದ ಶೈವ ಮತ್ತು ಜೈನ ಪರಂಪರೆಗಳು ಬೇರೆ ದಾರಿಗಳಿಂದ ಇದೇ ಜಾಗಕ್ಕೆ ಬಂದಿದ್ದವು. ಅಲ್ಲಮಪ್ರಭುವಿನ ಪ್ರಸಿದ್ಧ ವಚನವೊಂದು ಮಾಯೆಯನ್ನು ಹೊರಗಿನ ವಸ್ತುಗಳಲ್ಲಿ ಹುಡುಕದೆ, ಮನಸ್ಸು ತನ್ನೆದುರಿಗೆ ನಿಲ್ಲಿಸಿಕೊಂಡ ಆಸೆಯಲ್ಲಿಯೇ ಗುರುತಿಸುತ್ತದೆ. ಪಂಪನ ಆದಿಪುರಾಣದಲ್ಲಿ ನೀಲಾಂಜನೆ ನರ್ತಿಸುತ್ತಿರುವಾಗಲೇ ಅವಳ ಆಯುಷ್ಯ ಮುಗಿಯುತ್ತದೆ. ಇಂದ್ರನು ಕ್ಷಣಮಾತ್ರದಲ್ಲಿ ಅವಳ ಪ್ರತಿರೂಪವನ್ನು ನಿಲ್ಲಿಸಿ ನೃತ್ಯ ನಿಲ್ಲದಂತೆ ನೋಡಿಕೊಂಡರೂ ಆದಿದೇವನಿಗೆ ಅದು ತಿಳಿದುಬಿಡುತ್ತದೆ. ಅಲ್ಲಿ ಅವನಿಗಾದದ್ದು ಸೋಲಲ್ಲ, ವೈರಾಗ್ಯ. ಈ ಪರಂಪರೆಗಳಲ್ಲಿ ‘ನಿರ್’ ಎಂಬ ಉಪಸರ್ಗ ಬಹುತೇಕ ಒಳ್ಳೆಯ ಇಲ್ಲದಿಕೆಯನ್ನು ಸೂಚಿಸುತ್ತದೆಂಬುದು ಗಮನಾರ್ಹ: ನಿರಾಳ, ನಿರಾಭಾರಿ, ನಿರಪೇಕ್ಷ, ನಿಶ್ಚಿಂತ. ಇವುಗಳಲ್ಲಿ ‘ನಿರಾಳ’ದ ಭಾಗ್ಯ ದೊಡ್ಡದು. ವಚನಗಳಲ್ಲಿ ಶೂನ್ಯತತ್ತ್ವವನ್ನು ಸೂಚಿಸುತ್ತಿದ್ದ ಪದ ಇಂದು ಮನಸ್ಸಿನ ನೆಮ್ಮದಿಯನ್ನು ಹೇಳುತ್ತದೆ. ಅದರ ಪಂಕ್ತಿಯಲ್ಲೇ ಕುಳಿತಿದ್ದ ‘ನಿರಾಶೆ’ ಮಾತ್ರ ಕೆಳಗಿಳಿಯಿತು.

ಕನ್ನಡದಲ್ಲಿ ಒಂದು ವಿಶೇಷ ಅಸಮತೋಲನವಿದೆ. ‘ಅವನಿಗೆ ಆಸೆ ಬಹಳ’ ಎಂದರೆ ಅವನು ಲೋಭಿ ಎಂದೇ ಅರ್ಥ. ಒಳಿತನ್ನು ಎದುರುನೋಡುವವನು ಎಂದಲ್ಲ. ಎದುರುನೋಡುವಿಕೆಯನ್ನು ಹೇಳಲು ನಮಗೆ ಭರವಸೆ, ನಂಬುಗೆ, ನಿರೀಕ್ಷೆ ಎಂಬ ಬೇರೆ ಪದಗಳು ಬೇಕು. ಇದಕ್ಕೆ ಒಳ್ಳೆಯ ಸಾಕ್ಷ್ಯ ಬೈಬಲ್ಲಿನ ಭಾಷಾಂತರಗಳಲ್ಲಿ ದೊರೆಯುತ್ತದೆ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹದಿಮೂರನೆಯ ಅಧ್ಯಾಯದಲ್ಲಿ ಬರುವ ಮೂರು ಸದ್ಗುಣಗಳಲ್ಲಿ ನಡುವಿನದನ್ನು ಮರಾಠಿಯ ಬೈಬಲ್ ‘ಆಶಾ’ ಎಂದು ಕರೆದರೆ ಕನ್ನಡದ ಬೈಬಲ್ ‘ನಿರೀಕ್ಷೆ’ ಎಂದಿತು. ಕನ್ನಡದ ‘ಆಸೆ’ ಅಷ್ಟರಮಟ್ಟಿಗೆ ಕಾಮನೆಯ ವಾಸನೆಯನ್ನು ಹೊತ್ತಿತ್ತೆಂದು ಇದರಿಂದ ಊಹಿಸಬಹುದು. ಆದರೆ ಅದರ ಅಭಾವವನ್ನು ಹೇಳುವ ಪದ ಮಾತ್ರ ‘ನಿರಾಶೆ’, ‘ನಿರಾಸೆ’ ಎಂದೇ ಉಳಿಯಿತು. ಹೀಗಾಗಿ ಕನ್ನಡಿಗನು ಭರವಸೆ ಇಟ್ಟುಕೊಳ್ಳುತ್ತಾನೆ, ಆದರೆ ನಿರಾಸೆಗೊಳ್ಳುತ್ತಾನೆ. ಕಳೆದುಕೊಂಡದ್ದರ ಹೆಸರು ಒಂದು, ಕಳವಿನ ಹೆಸರು ಇನ್ನೊಂದು. ಈಚೆಗೆ ‘ನಿರಾಸೆ’ಯೂ ಸವೆದು ಸಣ್ಣ ಆಶಾಭಂಗಕ್ಕೆ ಸೀಮಿತವಾಗುತ್ತಿದ್ದು, ಭಾರವಾದ ಅರ್ಥಕ್ಕೆ ‘ಹತಾಶೆ’ ಬಂದಿದೆ. ಸಂಸ್ಕೃತದಲ್ಲಿ ‘ಹತಾಶ’ ಎಂಬುದು ವಿಶೇಷಣ. ನಾಟಕಗಳ ಪ್ರಾಕೃತದಲ್ಲಿ ಅದು ‘ಹದಾಸ’ವಾಗಿ ಬೈಗುಳವೂ ಆಗಿತ್ತು!

ಹಾಗಾದರೆ ಇಂದು ನಾವು ಹತಾಶೆ ಎನ್ನುವ ಅನುಭವವನ್ನು ಹಳೆಯ ಕನ್ನಡ ಏನೆಂದು ಕರೆಯುತ್ತಿತ್ತು? ಪದಸೂಚಿಗಳಲ್ಲಿ ನಾಮಪದವನ್ನು ಹುಡುಕುವವರಿಗೆ ಉತ್ತರ ಸಿಗುವುದು ಕಷ್ಟ. ಕನ್ನಡ ಅದನ್ನು ಕ್ರಿಯಾಪದಗಳಲ್ಲಿ ಹೇಳಿತು. ಅದರಲ್ಲೂ ಅಂಗಾಂಗಗಳ ಹೆಸರು ಸೇರಿದ ಸಮಾಸಗಳಲ್ಲಿ. ಎದೆಗುಂದು, ಎದೆಗೆಡು, ಕಂಗೆಡು, ಮನಗುಂದು, ಕೈಚೆಲ್ಲು. ಇವುಗಳ ಜೊತೆಗೆ ದಿಕ್ಕುಗೆಡು, ಗತಿಗೆಡು, ಧೃತಿಗೆಡು. ‘ಕೆಡು’ ಎಂಬುದಕ್ಕೆ ಹಾಳಾಗು ಎಂಬ ಅರ್ಥದೊಡನೆ ಆರಿಹೋಗು, ನಂದು ಎಂಬ ಅರ್ಥವೂ ಇದೆ, ದೀಪ ಕೆಡುತ್ತದೆ. ಎದೆಗೆಟ್ಟವನ ಎದೆ ಒಡೆದದ್ದಲ್ಲ, ಆರಿದ್ದು. ‘ದಿಕ್ಕುಗೆಡು’ ಎಂಬಲ್ಲಿ ಇನ್ನೊಂದು ಸ್ವಾರಸ್ಯವಿದೆ. ಸಂಸ್ಕೃತದ ‘ಆಶಾ’ ಶಬ್ದಕ್ಕೆ ದಿಕ್ಕು ಎಂಬ ಅರ್ಥವೂ ಉಂಟು. ಕವಿಗಳು ಈ ಶ್ಲೇಷವನ್ನು ಹೇರಳವಾಗಿ ಬಳಸಿಕೊಂಡಿದ್ದಾರೆ. ‘ದಿಕ್ಕಿಲ್ಲದವರು’ ಎಂಬ ನಮ್ಮ ಮಾತಿನಲ್ಲಿ ದಿಕ್ಕು ಎಂದರೆ ಆಸರೆ. ಶ್ಲೇಷದ ನೆರವಿಲ್ಲದೆಯೇ ಕನ್ನಡ ಇಲ್ಲಿ ಸಂಸ್ಕೃತದ ಪಕ್ಕಕ್ಕೆ ಬಂದು ನಿಂತಿದೆ.

ರನ್ನನ ಗದಾಯುದ್ಧ ಇದಕ್ಕೆ ದೊಡ್ಡ ಉದಾಹರಣೆ. ದುರ್ಯೋಧನನು ಸಂಜಯನೊಡನೆ ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣ, ದುಶ್ಶಾಸನ, ಮಗ ಲಕ್ಷಣಕುಮಾರ, ಗೆಳೆಯ ಕರ್ಣ, ಶತ್ರುವಿನ ಮಗನಾದರೂ ಮೆಚ್ಚದಿರಲಾಗದ ಅಭಿಮನ್ಯು, ಹೀಗೆ ಒಬ್ಬೊಬ್ಬರನ್ನು ಕಂಡು ಒಂದೊಂದು ಬಗೆಯಲ್ಲಿ ಮಾತನಾಡುತ್ತಾನೆ. ಯುದ್ಧ ಮುಗಿದಿದೆಯೆಂದು ಓದುಗನಿಗೂ ಗೊತ್ತು, ಅವನಿಗೂ ಗೊತ್ತು. ಆದರೂ ಕವಿ ಅವನ ಸ್ಥಿತಿಗೆ ಒಂದು ಹೆಸರಿಟ್ಟು ಮುಗಿಸುವುದಿಲ್ಲ. ನಡಿಗೆಯನ್ನು ಚಿತ್ರಿಸುತ್ತಾನೆ, ಎದುರಾಗುವ ಶವಗಳನ್ನು ಚಿತ್ರಿಸುತ್ತಾನೆ. ಕನ್ನಡದಲ್ಲಿ ನಿರಾಶೆಯನ್ನು ಕುರಿತ ಅತ್ಯುತ್ತಮ ಬರಹ ಇದೇ ಎಂಬುದು ನಮ್ಮ ಅಭಿಪ್ರಾಯ. ಆ ಪದದ ಅಗತ್ಯವೇ ಅದಕ್ಕೆ ಬೀಳಲಿಲ್ಲ.

ಮರಾಠಿಯ ಆಡುಮಾತೂ ಇದೇ ಬಗೆಯದು: ಧೈರ್ಯ ‘ಸುಟತೋ’ (ಕಳಚುತ್ತದೆ), ಕೈಕಾಲು ‘ಗಳತಾತ’ (ಸೋರಿಹೋಗುತ್ತವೆ), ಮನುಷ್ಯ ‘ಹಾಯ’ ತಿನ್ನುತ್ತಾನೆ. ಇವೆರಡರ ಮೇಲೆ ಬಹಮನಿ ಮತ್ತು ಆದಿಲಶಾಹಿ ಕಾಲದ ಪಾರಸೀ ಪದಗಳ ಪದರವೊಂದು ಕೂತಿದೆ. ಬೇಜಾರ, ಲಾಚಾರ, ಹೈರಾಣ ಎಂಬಿವು ಎರಡೂ ಭಾಷೆಗಳಿಗೆ ಸಮಾನ. ‘ಬೇಜಾರು’ ‘ಬೇಸರ’ದ ಅಪಭ್ರಂಶವೆಂದು ಎಣಿಸುವವರುಂಟು, ಅದು ಸರಿಯಲ್ಲ. ‘ಬೇಸಱು’ ತಮಿಳು ತೆಲುಗುಗಳಲ್ಲಿ ಸಜಾತೀಯ ರೂಪಗಳಿರುವ ದ್ರಾವಿಡ ಧಾತು, ‘ಬೇಜಾರ್’ ಪಾರಸೀ. ಎರಡು ಬೇರೆ ಬೇರೆ ಕುಟುಂಬಗಳ ಪದಗಳು ಕನ್ನಡದ ನಾಲಗೆಯಲ್ಲಿ ಅಕ್ಕತಂಗಿಯರಾದವು. ಪಾರಸಿಯಲ್ಲಿ ಭರವಸೆಗೆ ‘ಉಮೇದ್’ ಎನ್ನುತ್ತಾರೆ. ಮರಾಠಿಯಲ್ಲಿ ಅದು ಹುಮ್ಮಸ್ಸೂ ಹೌದು, ಭರವಸೆಯೂ ಹೌದು. ಅದನ್ನು ಕಳೆದುಕೊಂಡವನು ‘ನಾಉಮೇದ’. ಕನ್ನಡದಲ್ಲಿ ಉಮೇದು ಬರಿಯ ಹುಮ್ಮಸ್ಸು. ಚುನಾವಣೆಗೆ ನಿಲ್ಲುವವನು ಎರಡೂ ಕಡೆ ‘ಉಮೇದುವಾರ’ನೇ, ಎಂದರೆ ಪದಶಃ ಭರವಸೆಯುಳ್ಳವನು, ಮತ ಎಣಿಕೆಯ ಮರುದಿನದ ಸ್ಥಿತಿಗೆ ಮಾತ್ರ ಮರಾಠಿಯಲ್ಲಿ ಪದವಿದೆ, ಕನ್ನಡದಲ್ಲಿಲ್ಲ.

ಇಷ್ಟು ಹಿನ್ನೆಲೆಯೊಡನೆ ಬಾರಾಮತಿಗೆ ಬರೋಣ. ಈ ಊರು ಕರ್ಹಾ ನದಿಯ ದಂಡೆಯ ಮೇಲಿದೆ. ಅದೇ ನದಿಯ ಮೇಲ್ಭಾಗದಲ್ಲಿ ಜೇಜುರಿ. ಅಲ್ಲಿಯ ಖಂಡೋಬ ನಮ್ಮ ಮೈಲಾರನೇ. ದಕ್ಷಿಣಕ್ಕೂ ಈ ಸೀಮೆಗೂ ಇದ್ದ ಒಡನಾಟ ದೈವಗಳಿಗೆ ಮಾತ್ರ ಮೀಸಲಾಗಿರಲಿಲ್ಲ. ಬಾರಾಮತಿಯ ಸಾಹುಕಾರ ಬಾಬೂಜಿ ನಾಯಕ ಜೋಶಿಯು ಪೇಶ್ವೆ ಮನೆತನದ ಬೀಗ. ಅವನ ತಮ್ಮ ಆಬಾಜಿಗೆ ಬಾಳಾಜಿ ವಿಶ್ವನಾಥನ ಮಗಳು ಭಿಊಬಾಯಿಯನ್ನು ಕೊಟ್ಟಿತ್ತು. ಕೃಷ್ಣೆಯಿಂದ ತುಂಗಭದ್ರೆಯವರೆಗಿನ ಕನ್ನಡ ನಾಡಿನ ಚೌಥ ಮತ್ತು ಸರದೇಶಮುಖಿ ವಸೂಲಿಯ ಗುತ್ತಿಗೆಯನ್ನು ಹಿಡಿದು, ದಂಡನ್ನು ಸಾಕುವ ವೆಚ್ಚದಲ್ಲಿ ಈ ನಾಯಕನು ದಿವಾಳಿಯಾದನೆಂದು 1826ರಲ್ಲಿ ಪ್ರಕಟವಾದ ಗ್ರಾಂಟ್ ಡಫ್‌ನ ಮರಾಠರ ಇತಿಹಾಸ ತಿಳಿಸುತ್ತದೆ. ಕನ್ನಡ ನಾಡಿನಿಂದ ಹಣ ತರಲು ಹೋಗಿ ಬರಿಗೈಯಲ್ಲಿ ಬಂದವನ ಮನೆಯ ಆಶ್ರಯದಲ್ಲಿಯೇ ಮುಂದೆ ಮರಾಠಿಯ ಮಹಾಕವಿಯೊಬ್ಬ ಬಾಳಿದ. ಅದಕ್ಕೆ ಆಮೇಲೆ ಬರುತ್ತೇವೆ.

ಮೊದಲನೆಯ ಬರಹ ಶ್ರೀಧರ ಕವಿಯ ‘ಶಿವಲೀಲಾಮೃತ’. ಪಂಢರಪುರದ ಹತ್ತಿರದ ನಾಝರೆಯ ಈ ಕವಿ ಶಕ 1640ರಲ್ಲಿ ಬಾರಾಮತಿಯಲ್ಲಿ ಇದನ್ನು ಮುಗಿಸಿದ. ಊರನ್ನು ‘ದ್ವಾದಶಮತಿ’ ಎಂದೂ ನದಿಯನ್ನು ‘ಬ್ರಹ್ಮಕಮಂಡಲು’ ಎಂದೂ ಸಂಸ್ಕೃತೀಕರಿಸಿ ಗ್ರಂಥದ ಕೊನೆಯಲ್ಲಿ ಹೇಳಿಕೊಂಡಿದ್ದಾನೆ. ಅದರ ಕೊನೆಯ ಅಧ್ಯಾಯದ ಶ್ರಿಯಾಳ ಚಾಂಗುಣೆಯರ ಕಥೆ ಕನ್ನಡಿಗರಿಗೆ ಹೊಸದಲ್ಲ. ಇದು ತಮಿಳಿನ ಪೆರಿಯಪುರಾಣದ ಸಿಱುತ್ತೊಂಡರ ಕಥೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ 1369ರ ಭೀಮಕವಿಯ ಕನ್ನಡ ಬಸವಪುರಾಣದಲ್ಲಿಯೂ ಬರುವ ಸಿರಿಯಾಳ ಸಂಗಳವ್ವೆಯರ ಕಥೆ. ಬಸವಣ್ಣನವರ ವಚನಗಳಲ್ಲಿ ಸಿರಿಯಾಳ ಮತ್ತೆ ಮತ್ತೆ ಬರುತ್ತಾನೆ. ಕಂಚಿಯ ಸಿಱಾಳ ಉತ್ತರಕ್ಕೆ ಸಾಗುತ್ತಾ ಕರ್ಹಾ ತೀರದಲ್ಲಿ ‘ಚಿಲಯಾ’ ಆದ.

ಅತಿಥಿಯಾಗಿ ಬಂದ ಶಿವನು ಒಬ್ಬನೇ ಮಗನ ಮಾಂಸವನ್ನು ಕೇಳುತ್ತಾನೆ. ತಂದೆತಾಯಿಗಳು ಕಣ್ಣೀರಿಲ್ಲದೆ ಕೊಯ್ದು ಬಡಿಸಬೇಕೆಂಬ ಕಟ್ಟಳೆಯನ್ನೂ ಹಾಕುತ್ತಾನೆ. ಇಲ್ಲಿ ನಮ್ಮ ಚರ್ಚೆಗೆ ಬೇಕಾದ ಒಂದಂಶವಿದೆ. ಶರಣರ ಕಡೆಯ ಕಥನದಲ್ಲಿ ಒತ್ತು ಬೀಳುವುದು ನಿಷ್ಠೆಯ ಮೇಲೆ; ದುಃಖ ಅಲ್ಲಿ ನಿಷ್ಠೆಗೆ ಬರಬಹುದಾದ ಕುಂದು. ಬಸವಪುರಾಣ ಅಲ್ಲಿಗೂ ನಿಲ್ಲದೆ, ಸಿರಿಯಾಳನಿಗೆ ಬಂದ ಹೆಮ್ಮೆಯನ್ನು ಮುರಿಯಲು ಇನ್ನೂ ಕಠಿಣ ಭಕ್ತರನ್ನು ತಂದು ನಿಲ್ಲಿಸುತ್ತದೆ. ಶ್ರೀಧರನ ಕಥನದಲ್ಲಿ ತಾಯಿ ಎದುರಿಗೆ ಬರುತ್ತಾಳೆ. ಮಗನ ತಲೆಯನ್ನು ಒರಳಿನಲ್ಲಿ ಕುಟ್ಟುವಾಗ ಹಾಡಬೇಕೆಂಬ ಆಜ್ಞೆ ಅವಳಿಗೆ. ಅತಿಥಿಯೊಡನೆ ಕುಳಿತು ಆ ಅಡಿಗೆಯನ್ನು ಉಣ್ಣಲು ತಂದೆ ಹಿಂಜರಿದಾಗ ಅವಳೇ ಅವನಿಗೆ ಧೈರ್ಯ ಹೇಳುತ್ತಾಳೆ: ತಾನು ಒಂಬತ್ತು ತಿಂಗಳು ಹೊಟ್ಟೆಯಲ್ಲಿ ಹೊತ್ತವನನ್ನು ನೀವು ನಾಲ್ಕು ಜಾವ ಹೊರಲಾರಿರಾ ಎಂಬರ್ಥದ ಮಾತು. ಇಷ್ಟಾದ ಮೇಲೆ ಅತಿಥಿಯು ಮಕ್ಕಳಿಲ್ಲದ ಮನೆಯಲ್ಲಿ ಉಣ್ಣುವುದಿಲ್ಲವೆಂದು ಏಳುತ್ತಾನೆ.

ನಮ್ಮ ಓದಿನಲ್ಲಿ ಕಥೆಯ ನಿಜವಾದ ಹತಾಶೆ ಇರುವುದು ಈ ಬಿಂದುವಿನಲ್ಲಿ. ಮಗನ ಮರಣವನ್ನು ಆ ತಾಯಿ ತಾಳಿಕೊಂಡಿದ್ದಳು, ಏಕೆಂದರೆ ಅದಕ್ಕೊಂದು ಗುರಿ ಇತ್ತು. ಆ ಗುರಿಯೇ ಎಲೆಯ ಮುಂದಿನಿಂದ ಎದ್ದು ಹೊರಟಾಗ ತಾಳಿಕೊಳ್ಳಲು ಏನೂ ಉಳಿಯುವುದಿಲ್ಲ. ಆಗ ಅತಿಥಿ ಮಗನನ್ನು ಕೂಗು ಎನ್ನುತ್ತಾನೆ, ಅವಳು ಕೂಗುತ್ತಾಳೆ, ಮಗು ಓಡಿಬರುತ್ತದೆ. ಪವಾಡವನ್ನು ಪಕ್ಕಕ್ಕಿಟ್ಟು ನೋಡಿದರೆ, ಸತ್ತಿರುವನೆಂದು ತನ್ನ ಕೈಗಳಿಗೇ ಗೊತ್ತಿರುವ ಮಗನನ್ನು ಹೆಸರು ಹಿಡಿದು ಕರೆಯುವ ಆ ಕ್ರಿಯೆಯೇ ಉಳಿಯುತ್ತದೆ. ನಿರಾಶೆಗೆ ಪದವಿಲ್ಲದ ಕಡೆ ಕೂಗು ಇತ್ತು. ಮಹಾರಾಷ್ಟ್ರದಲ್ಲಿ ಶ್ರಾವಣ ಶುದ್ಧ ಷಷ್ಠಿಯಂದು ಶ್ರಿಯಾಳನ ಹೆಸರಿನ ಹಬ್ಬವೇ ಇದೆ. ಹೆಂಗಸರ ಹಾಡುಗಳಲ್ಲಿ ಚಿಲಯಾ ಇಂದಿಗೂ ಪರಿಚಿತ.

ಈ ಕೂಗನ್ನೇ ಕಾವ್ಯದ ಹೆಸರನ್ನಾಗಿಸಿಕೊಂಡವನು ಮೋರೋಪಂತ. ಶ್ರೀಧರನು ತೀರಿಕೊಂಡ 1729ರಲ್ಲಿಯೇ ಪನ್ಹಾಳದಲ್ಲಿ ಹುಟ್ಟಿ, ತಾರುಣ್ಯದಲ್ಲಿ ಬಾರಾಮತಿಗೆ ಬಂದು, ನಾಯಕರ ಮನೆಯಲ್ಲಿ ಪುರಾಣಿಕನಾಗಿ 1794ರಲ್ಲಿ ಸಾಯುವವರೆಗೂ ಅಲ್ಲಿಯೇ ಬಾಳಿದ. ಆರ್ಯಾ ವೃತ್ತದಲ್ಲಿ ಸಮಗ್ರ ಮಹಾಭಾರತ, ಚಮತ್ಕಾರಗಳಿಂದ ತುಂಬಿದ ನೂರೆಂಟು ರಾಮಾಯಣಗಳು ಇವನ ಪಾಂಡಿತ್ಯಕ್ಕೆ ಸಾಕ್ಷಿ. ಅವುಗಳ ಕಸರತ್ತು ಎಲ್ಲರಿಗೂ ರುಚಿಸುವಂಥದಲ್ಲ. ಆದರೆ ಇಳಿವಯಸ್ಸಿನ ‘ಕೇಕಾವಲಿ’ಯ ಮಾತೇ ಬೇರೆ. ಕೇಕೆ ಎಂದರೆ ನವಿಲಿನ ಕೂಗು. ಕವಿಯ ಅಂಕಿತ ‘ಮಯೂರ’. ಮೋಡಕ್ಕಾಗಿ ನವಿಲು ಕೂಗುವಂತೆ ಮೇಘಶ್ಯಾಮನಾದ ದೇವರಿಗಾಗಿ ಈ ಮಯೂರನ ಕೂಗುಗಳ ಸಾಲು. ಪೃಥ್ವೀವೃತ್ತದ ಸುಮಾರು ನೂರಿಪ್ಪತ್ತು ಪದ್ಯಗಳಲ್ಲಿ ಕವಿ ವಕೀಲನಂತೆ ವಾದಿಸುತ್ತಾನೆ. ಇಂಥಿಂಥವರನ್ನು ಕಾಪಾಡಿದೆ, ನನ್ನನ್ನೇಕೆ ಕಾಪಾಡುವುದಿಲ್ಲ? ಇದೇ ಕವಿಯ ‘ಸಂಶಯರತ್ನಮಾಲೆ’ಯಲ್ಲಿ ದೇವರು ಬಾರದಿರುವುದಕ್ಕೆ ಏನೇನು ಕಾರಣವಿರಬಹುದೆಂಬ ಸಂಶಯಗಳನ್ನೇ ಹಾರವಾಗಿ ಪೋಣಿಸಲಾಗಿದೆ. ಕಾದು ಕಾದು ಬೇಸತ್ತ ಮನಸ್ಸು ತನ್ನ ನಿರಾಶೆಯನ್ನು ಒಪ್ಪಿಕೊಳ್ಳುವ ಬದಲು ಬಾರದವನಿಗೆ ಕಾರಣಗಳನ್ನು ಹುಡುಕಿಕೊಡುವ ಈ ಪರಿ ಯಾವ ಕಾಲದವರಿಗೂ ಅಪರಿಚಿತವಲ್ಲ.

ಕನ್ನಡದ ಓದುಗರಿಗೆ ಇಲ್ಲಿ ಕನಕದಾಸರ ‘ಹರಿಭಕ್ತಿಸಾರ’ ನೆನಪಾಗುವುದು ಸಹಜ. ಭಾಮಿನಿ ಷಟ್ಪದಿಯ ಶತಕಪ್ರಾಯವಾದ ಆ ಕೃತಿಯಲ್ಲಿಯೂ ರಕ್ಷಣೆಯ ಬೇಡಿಕೆ ಪದ್ಯದಿಂದ ಪದ್ಯಕ್ಕೆ ಮರುಕಳಿಸುತ್ತದೆ. ಹಿಂದೆ ರಕ್ಷಿತರಾದವರ ಪಟ್ಟಿ ಬರುತ್ತದೆ. ಅದಕ್ಕೂ ಹಿಂದೆ ಹರಿಹರನ ‘ರಕ್ಷಾಶತಕ’ವಿದೆ. ಇವುಗಳ ನಡುವೆ ನೇರ ಋಣವನ್ನು ಸಾಧಿಸುವ ಉದ್ದೇಶ ನಮಗಿಲ್ಲ; ಸ್ತೋತ್ರಪರಂಪರೆ ಇಡೀ ದೇಶಕ್ಕೆ ಸಾಮಾನ್ಯ. ನಾವು ಗಮನಿಸುವುದು ಇವುಗಳೆಲ್ಲ ಸೇರುವ ಕನ್ನಡದ ಒಂದು ಪದವನ್ನು: ‘ಮೊರೆ’. ಹಳಗನ್ನಡದಲ್ಲಿ ‘ಮಱೆವುಗು’ ಎಂದರೆ ಆಶ್ರಯವನ್ನು ಹೊಗು, ಅಡಗಿಕೊಳ್ಳು. ‘ಮೊಱೆಯಿಡು’ ಎಂದರೆ ಕೂಗಿ ಹೇಳಿಕೊಳ್ಳು. ಹೊಸಗನ್ನಡದ ‘ಮೊರೆಹೋಗು’ ಎಂಬಲ್ಲಿ ಇವೆರಡೂ ಬೆರೆತಿವೆ. ರೂಪದ ದೃಷ್ಟಿಯಿಂದ ಇದು ಗೊಂದಲವೆಂದು ವೈಯಾಕರಣನು ತಿದ್ದಬಹುದು. ಆದರೆ ಕೂಗುವುದೂ ಆಸರೆ ಹೊಗುವುದೂ ಒಂದೇ ಕ್ರಿಯೆಯೆಂದು ಆಡುವ ಜನ ಭಾವಿಸಿದ್ದರಿಂದಲೇ ಈ ಬೆರಕೆ ನಿಂತಿತು. ಎಲ್ಲಿಯವರೆಗೆ ಕೇಳುವವನೊಬ್ಬನಿರುವನೆಂಬ ಎಣಿಕೆ ಇದೆಯೋ ಅಲ್ಲಿಯವರೆಗೆ ಮೊರೆ. ಆ ಎಣಿಕೆ ಕಳಚಿದ ಮೇಲಿನ ಸ್ಥಿತಿಗೆ ಮಧ್ಯಕಾಲೀನ ಕವಿ ಹೋಗಲಿಲ್ಲ. ಯುರೋಪಿನ ಕ್ರೈಸ್ತ ಚಿಂತಕರು ಆ ಸ್ಥಿತಿಗೆ ಹೋಗಿ, ಭರವಸೆ ಸದ್ಗುಣವಾದ್ದರಿಂದ ಅದರ ನಷ್ಟವನ್ನು ಪಾಪವೆಂದು ವರ್ಗೀಕರಿಸಿದರು. ನಮ್ಮಲ್ಲಿ ಆಸೆ ಸದ್ಗುಣವೇ ಅಲ್ಲದ್ದರಿಂದ ಅದರ ನಷ್ಟ ಪಾಪವಾಗುವ ಪ್ರಶ್ನೆಯೇ ಏಳಲಿಲ್ಲ.

ಈ ಎರಡು ಲೋಕಗಳು ಒಂದೇ ಬಾಳಿನಲ್ಲಿ ಎದುರಾದದ್ದನ್ನು ಮೂರನೆಯ ಬರಹ ತೋರಿಸುತ್ತದೆ. ಪಂಡಿತಾ ರಮಾಬಾಯಿ 1858ರಲ್ಲಿ ಕರ್ನಾಟಕದ ಪಶ್ಚಿಮ ಘಟ್ಟದ ಗಂಗಾಮೂಲದ ಅರಣ್ಯದಲ್ಲಿ ಹುಟ್ಟಿದವರು. ತಂದೆ ಅನಂತಶಾಸ್ತ್ರಿ ಡೋಂಗರೆ ಸಂಸ್ಕೃತ ವಿದ್ವಾಂಸ. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ ಕಾರಣಕ್ಕೆ ವಿರೋಧವನ್ನು ಎದುರಿಸಿದವರು. ಕುಟುಂಬ ಊರೂರು ಅಲೆಯುತ್ತಾ ದೇವಾಲಯಗಳಲ್ಲಿ ಪುರಾಣವನ್ನೋದಿ ಜೀವಿಸುತ್ತಿತ್ತು. ಅದು ಮೋರೋಪಂತನ ವೃತ್ತಿಯೇ. ಆಶ್ರಯವಿತ್ತ ಸಾಹುಕಾರ ಮಾತ್ರ ಇರಲಿಲ್ಲ. ಮುಂದೆ ರಮಾಬಾಯಿ ಕ್ರೈಸ್ತಧರ್ಮವನ್ನು ಸ್ವೀಕರಿಸಿ, ಬಾರಾಮತಿಗೆ ಹೊಂದಿಕೊಂಡ ದೌಂಡ ತಾಲೂಕಿನ ಕೇಡಗಾಂವದಲ್ಲಿ ಮುಕ್ತಿಸದನವನ್ನು ಸ್ಥಾಪಿಸಿ, ಅಲ್ಲಿಯೇ ಬೈಬಲ್ಲನ್ನು ಮರಾಠಿಗೆ ತಂದು 1922ರಲ್ಲಿ ತೀರಿಕೊಂಡರು. 1907ರಲ್ಲಿ ಅವರು ಪ್ರಕಟಿಸಿದ ಇಂಗ್ಲಿಷ್ ಆತ್ಮಕಥನ ನಮ್ಮ ವಿಷಯಕ್ಕೆ ಮುಖ್ಯವಾದುದು.

ಅದರಲ್ಲಿ 1874ರ ಬರಗಾಲದ ನೆನಪಿದೆ. ಇದ್ದುದೆಲ್ಲ ವ್ರತ, ದಾನ, ತೀರ್ಥಯಾತ್ರೆಗಳಲ್ಲಿ ಮುಗಿದಿತ್ತು. ಕೊನೆಯ ಅಕ್ಕಿಯ ಕಾಳೂ ತೀರಿದ ಮೇಲೆ, ಬಂಧುಗಳೆದುರು ಬಡತನದ ಅವಮಾನವನ್ನು ತೋರಿಸಿಕೊಳ್ಳುವುದಕ್ಕಿಂತ ಕಾಡಿಗೆ ಹೋಗಿ ಸಾಯುವುದು ಮೇಲೆಂದು ಕುಟುಂಬ ನಿಶ್ಚಯಿಸಿತು. ಹಲವು ದಿನ ನೀರು, ಎಲೆ, ಕಾಡಿನ ಹಣ್ಣುಗಳ ಮೇಲೆ ಕಳೆದ ಮೇಲೆ, ವೃದ್ಧರೂ ಅಂಧರೂ ಆಗಿದ್ದ ತಂದೆ ತೀರ್ಥದ ಕೊಳದಲ್ಲಿ ಜಲಸಮಾಧಿ ಹೊಂದಲು ಸಿದ್ಧರಾದರು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಬೀಳ್ಕೊಂಡರು. ಆಗ ಮಗ ಅಡ್ಡಬಂದು, ಜಾತಿಯ ಹೆಮ್ಮೆಯನ್ನು ಬಿಟ್ಟು ಕೂಲಿ ಮಾಡಿಯಾದರೂ ಸಾಕುತ್ತೇನೆಂದ. ತಂದೆ ಮುಳುಗಲಿಲ್ಲ; ಆದರೆ ಬಹುಕಾಲ ಬದುಕಲೂ ಇಲ್ಲ. ಅವರ ಹಿಂದೆಯೇ ತಾಯಿಯೂ ಅಕ್ಕನೂ ಹೋದರು.

ಒಂದೇ ಘಟನೆಗೆ ಇಲ್ಲಿ ಎರಡು ಹೆಸರುಗಳಿವೆ. ತಂದೆಯ ಕೋಶದಲ್ಲಿ ಅದು ಸಮಾಧಿ: ಶಾಸ್ತ್ರ ಒಪ್ಪುವ, ಸಂಕಲ್ಪಪೂರ್ವಕವಾದ, ಆಸೆಯನ್ನು ಬಿಟ್ಟವನಿಗೆ ಸಲ್ಲುವ ಕ್ರಿಯೆ. ಮೂರು ದಶಕಗಳ ತರುವಾಯ ಮಗಳು ಇಂಗ್ಲಿಷಿನಲ್ಲಿ ಅದನ್ನೇ ಬರೆಯುವಾಗ ಅದು ಹಸಿದವರ ಅಸಹಾಯಕತೆ. ವಿರಕ್ತಿಯ ಹೊದಿಕೆಯೊಳಗೆ ಬಚ್ಚಿಟ್ಟುಕೊಂಡ ಹತಾಶೆ. ತಂದೆಯ ಮಾತನ್ನು ಕಪಟವೆನ್ನುವುದು ಅನ್ಯಾಯವಾದೀತು. ಅವರಿಗೆ ದೊರಕಿದ್ದ ಗೌರವದ ಮಾತು ಅದೊಂದೇ. ಮಗಳ ಮಾತನ್ನು ಕೇವಲ ಮತಾಂತರದ ಫಲವೆನ್ನುವುದೂ ಸರಿಯಲ್ಲ. ಕೊಳದ ದಂಡೆಯ ಮೇಲೆ ನಿಂತು ನೋಡಿದವರು ಅವರು. ಪಿಂಗಲೆಯ ನೈರಾಶ್ಯವೂ ಪತ್ರಿಕೆಯ ನೈರಾಶ್ಯವೂ ಪರಸ್ಪರ ಮುಟ್ಟುವ ಗಡಿ ಈ ಕೊಳದ ದಂಡೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲಿಷ್ ಕಲಿತ ಬರಹಗಾರರು ತಮ್ಮ ಹೊಸ ಅನುಭವಕ್ಕೆ ಹಳೆಯ ತತ್ಸಮಗಳನ್ನು ತೊಡಿಸುತ್ತಾ ಹೋದಂತೆ ಈ ಗಡಿ ಅಳಿಸಿಹೋಯಿತು.

ಆದರೆ ಜನರೆಲ್ಲರೂ ಸಮಾಧಿ ಅಥವಾ ಹತಾಶೆ ಎಂಬ ಎರಡೇ ದಾರಿಗಳನ್ನು ಹಿಡಿದರೆಂದಲ್ಲ. ರಮಾಬಾಯಿಯ ಕುಟುಂಬ ಕಂಗೆಟ್ಟ ಮರುವರ್ಷವೇ, 1875ರ ಮೇ 12ರಂದು, ಇಂದು ಬಾರಾಮತಿ ತಾಲೂಕಿನಲ್ಲಿರುವ ಸುಪೆ ಗ್ರಾಮದಲ್ಲಿ ಸಾಲಕ್ಕೆ ಸಿಕ್ಕಿದ ರೈತರು ಸಾಹುಕಾರರ ಮೇಲೆ ತಿರುಗಿಬಿದ್ದು ಲೆಕ್ಕದ ಪುಸ್ತಕಗಳನ್ನೂ ಸಾಲಪತ್ರಗಳನ್ನೂ ವಶಪಡಿಸಿಕೊಂಡು ಸುಟ್ಟರು. ದಖ್ಖನ್ ದಂಗೆಗಳೆಂದು ಚರಿತ್ರೆಯಲ್ಲಿ ಹೆಸರಾದುದು ಇದರಿಂದ ಮೊದಲಾಯಿತು. ಕೈಚೆಲ್ಲುವ ಸ್ಥಿತಿಗೆ ಬಂದವರು ಕೈಯೆತ್ತಿದ ಸಂದರ್ಭವಿದು. ಪದಚರಿತ್ರೆಗೆ ಇದರಿಂದ ನೇರವಾಗಿ ದೊರೆಯುವುದು ಕಡಿಮೆಯಾದ್ದರಿಂದ ಇಲ್ಲಿಗೆ ಬಿಡುತ್ತೇವೆ.

ಇಂದಿನ ವೈದ್ಯಕೀಯ ಬರವಣಿಗೆಯಲ್ಲಿ ಈ ಕವಲು ಇನ್ನಷ್ಟು ಒಡೆದಿದೆ. ಇಂಗ್ಲಿಷಿನ ‘ಡಿಪ್ರೆಶನ್’ ಎಂಬ ರೋಗನಾಮಕ್ಕೆ ಹಿಂದಿಯವರು ‘ಅವಸಾದ’ವನ್ನೂ ಮರಾಠಿಗರು ‘ನೈರಾಶ್ಯ’ವನ್ನೂ ಕನ್ನಡಿಗರು ‘ಖಿನ್ನತೆ’ಯನ್ನೂ ಆರಿಸಿಕೊಂಡರು. ಅವಸಾದ ಎಂದರೆ ಕುಸಿಯುವುದು. ಭಗವದ್ಗೀತೆಯ ಮೊದಲ ಅಧ್ಯಾಯದ ಹೆಸರಿನಲ್ಲಿರುವ ‘ವಿಷಾದ’ವೂ ಅದೇ ಧಾತುವಿನದು. ಖಿನ್ನತೆ ಎಂದರೆ ಬಳಲಿಕೆ. ಹಿಂದಿಯ ರೋಗಿ ಕುಸಿದವನು, ಕನ್ನಡದ ರೋಗಿ ಬಳಲಿದವನು, ಮರಾಠಿಯ ರೋಗಿಯೊಬ್ಬನೇ ಆಸೆ ಕಳೆದುಕೊಂಡವನು. ಕನ್ನಡದ ಆಯ್ಕೆ ನಮಗೆ ಸಮಂಜಸವಾಗಿ ಕಾಣುತ್ತದೆ. ಬಳಲಿದವನು ಸಂಸಾರವನ್ನು ತೊರೆದವನಲ್ಲವೆಂಬುದು ಅದರಲ್ಲಿ ಸ್ಪಷ್ಟವಾಗಿದೆ.

ಉಳಿದದ್ದು ‘ಜಿಗುಪ್ಸೆ’. ಪೊಲೀಸ್ ಠಾಣೆಯ ಬರಹದಿಂದ ಪತ್ರಿಕೆಗೆ, ಪತ್ರಿಕೆಯಿಂದ ಊರಿನ ಬಾಯಿಗೆ ಬಂದಂತಿರುವ ಈ ನುಡಿಗಟ್ಟು, ಸಾಲ, ರೋಗ, ಅವಮಾನ, ಮನೆಯ ಜಗಳ ಇವುಗಳ ಪೈಕಿ ಸತ್ತವನನ್ನು ಯಾವುದು ಹಿಂಡಿತೆಂಬುದನ್ನು ಹೇಳುವುದಿಲ್ಲ. ಬದುಕನ್ನು ಹೇಸಿ ತೊರೆದನೆಂಬ ನಿರ್ಣಯವನ್ನು ಮಾತ್ರ ಅವನ ಮೇಲೆ ಹೊರಿಸುತ್ತದೆ. ಯೋಗಸೂತ್ರದ ಸಾಧಕನಿಗೆ ಸಲ್ಲುವ ಈ ನಿರ್ಣಯ ಬೆಳೆ ಒಣಗಿದ ಹೊಲದವನಿಗೆ ಸಲ್ಲುವುದೆಂದು ನಂಬಲು ಯಾವ ಆಧಾರವೂ ನಮಗೆ ಕಾಣುವುದಿಲ್ಲ. ಅವನ ಮನೆಯವರನ್ನು ಮಾತನಾಡಿಸಿದರೆ ಅವರು ಆ ಪದವನ್ನು ಬಳಸುವುದಿಲ್ಲ. ‘ಎದೆಗುಂದಿದ್ದ’, ‘ಕಂಗಾಲಾಗಿದ್ದ’, ‘ದಿಕ್ಕು ತೋಚಲಿಲ್ಲ’, ‘ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ’ ಎನ್ನುತ್ತಾರೆ. ಕೊನೆಯ ಮಾತು ‘ಮೊರೆ’ಯ ಅಭಾವವನ್ನೇ ಹೇಳುತ್ತದೆ. ಕನ್ನಡದ ಸಾಮಾಜಿಕ ದಾಖಲೆಗಳ ಮೇಲೆ ಕೆಲಸ ಮಾಡುವ ಹೊರನಾಡಿನ ಸಂಶೋಧಕರು ವರದಿಯ ನಾಮಪದದ ಪಕ್ಕದಲ್ಲಿ ಮನೆಯವರ ಈ ಕ್ರಿಯಾಪದಗಳನ್ನೂ ದಾಖಲಿಸಿಕೊಳ್ಳುವುದು ಅಗತ್ಯ. ನಿಘಂಟುಕಾರರು ‘ಜುಗುಪ್ಸೆ’, ‘ನಿರಾಶೆ’, ‘ನೈರಾಶ್ಯ’ಗಳ ಅಡಿಯಲ್ಲಿ ಎರಡು ಅರ್ಥಗಳನ್ನು ಕಾಲಸಹಿತವಾಗಿ ಬೇರ್ಪಡಿಸಿ ಕೊಡಬೇಕಾಗಿದೆ, ಶಿವಲೀಲಾಮೃತ, ಕೇಕಾವಲಿಗಳೊಡನೆ ಬಸವಪುರಾಣ, ಹರಿಭಕ್ತಿಸಾರಗಳ ತೌಲನಿಕ ಪದಸೂಚಿಯೊಂದು ಸಿದ್ಧವಾದರೆ ಆ ಕೆಲಸಕ್ಕೆ ಮೊದಲ ಸಾಮಗ್ರಿ ಒದಗುತ್ತದೆ.